ಕೊಡುವವರೆಗೂ ನೀರು ಮುಟ್ಟದವರು

ಹಸಿದಾಗ ಅವರ ಗಂಟಲ ಗಂಟು ಮೇಲಕ್ಕೂ ಕೆಳಕ್ಕೂ ಓಡಾಡುತ್ತಿತ್ತು. ತೆಳ್ಳನೆಯ ಉದ್ದ ಕತ್ತು, ಕೊನೆಯ ಗುಂಡಿಯವರೆಗೂ ಬಿಗಿದ ಕರಿಯ ಕೋಟು. ಆ ಕಾಲರಿನ ಅಂಚಿನಿಂದ ಗಂಟು ಬಾವಿಯ ಬಿಂದಿಗೆಯ ಹಾಗೆ ಮೇಲೆ ಬಂದು ಮತ್ತೆ ಇಳಿಯುತ್ತಿತ್ತು. ಮುಖ ಮಾತ್ರ ಕಲ್ಲು. ಒಳಗಿನಿಂದ ಬಸ್ಸಾರಿನ ಒಗ್ಗರಣೆ ಘಮ್ಮೆಂದರೂ ಕಣ್ಣು ಅಲುಗಿಸದೆ, ಛತ್ರಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಯಾರದಾದರೂ ಮನೆಯ ಜಗಲಿಯ ಮೇಲೆ ಕೂತಿರುತ್ತಿದ್ದರು. ಮದ್ದೂರಿನಿಂದ ಮಳವಳ್ಳಿಯವರೆಗೆ ಆ ಗಂಟಲು ಕಂಡು ಶಾಪ ಹಾಕದ ಮನೆ ಕಡಿಮೆ. ನಾನೂ ಹಾಕಿದ್ದೇನೆ, ಬಾಯಿ ತುಂಬ.

ಅವರು ನಮ್ಮ ಮದ್ದೂರಿನ ಶಾಲೆಯ ಹೆಡ್ಮಾಸ್ಟರು. ನಿವೃತ್ತಿಯಾದ ಮೇಲೆ ರಾಮಾ ಕೃಷ್ಣಾ ಅಂತ ಮನೆಯಲ್ಲಿ ಕೂರುವುದು ಬಿಟ್ಟು ಹಳೆಯ ವಿದ್ಯಾರ್ಥಿಗಳ ಸಂಘ ಅಂತ ಒಂದನ್ನು ಕಟ್ಟಿದರು, ತಾವೇ ಅದರ ಕಾರ್ಯದರ್ಶಿಯಾದರು. ಮಂಡ್ಯದಲ್ಲಿ ಒಂದು ಕಾಲೇಜು ಆಗಬೇಕು ಎನ್ನುವುದು ಅವರ ಹಟ. ಆಗ ನಮ್ಮ ಕಡೆಯ ಹುಡುಗರು ಮೆಟ್ರಿಕ್ ಮುಗಿಸಿದರೆ ಮುಂದಕ್ಕೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಿತ್ತು. ಹೋಗುವ ಶಕ್ತಿಯಿಲ್ಲದವರ ಓದು ಅಲ್ಲಿಗೇ ನಿಲ್ಲುತ್ತಿತ್ತು. ಊರವರೇ ಕಟ್ಟಡ ಎಬ್ಬಿಸಿ ಕೊಟ್ಟರೆ ಮಾತ್ರ ಮೇಲಿನವರು ಕಾಲೇಜಿನ ಮಾತಾಡುತ್ತಾರೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಸೀಮೆಎಣ್ಣೆಗೂ ಅಕ್ಕಿಗೂ ಸಾಲು ನಿಲ್ಲುವ ಯುದ್ಧದ ಕಾಲ ಅದು. ಅಂಥ ಕಾಲದಲ್ಲಿ ಈ ಮನುಷ್ಯ ಕಾಲೇಜು ಬೇಡಲು ಹೊರಟರು. ಇವತ್ತು ಆ ಸೂರಿನ ಕೆಳಗೆ ಮಕ್ಕಳು ಓದುತ್ತಿರುವುದು ನಿಜ. ಆದರೆ ಅದನ್ನು ಎಬ್ಬಿಸಿದವರು ಒಳ್ಳೆಯ ಮನುಷ್ಯ ಅಂತ ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ.

ಪಾಸಾದವರ ಮನೆಗೆ ಅವರು ಹೋಗುತ್ತಿರಲಿಲ್ಲ. "ಪಾಸಾದವನು ಬೆಂಗಳೂರಲ್ಲಿ ಕೂತು ಚೆನ್ನಾಗಿ ಕಾಗದ ಬರೀತಾನೆ. ಫೇಲಾದವನು ಊರಲ್ಲೇ ಇರ್ತಾನೆ. ಅವನ ಹತ್ರ ಗದ್ದೆ ಇರುತ್ತೆ, ಗಾಡಿ ಇರುತ್ತೆ" ಎನ್ನುತ್ತಿದ್ದರು. ಹಾಗಾಗಿ ಅವರ ಸಂಘದಲ್ಲಿದ್ದವರೆಲ್ಲ ಅವರ ಕೈಯಲ್ಲೇ ಬೆತ್ತದ ಏಟು ತಿಂದು, ನಪಾಸಾಗಿ, ಶಾಲೆಗೊಂದು ದೊಡ್ಡ ನಮಸ್ಕಾರ ಹಾಕಿ ಹೊರಬಿದ್ದವರು. ಹೊಡೆದವರೇ ಬಂದು ಕೇಳುವುದೆಂದರೆ! ನಾಚಿಕೆ ಎನ್ನುವುದು ಆ ಮೈಯಲ್ಲಿ ಸಾಸಿವೆಯಷ್ಟೂ ಇರಲಿಲ್ಲ.

ಕೇಳುವ ಕ್ರಮ ಇನ್ನೂ ಕೆಟ್ಟದ್ದು. ಸರಿಯಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ಬರುವರು. ತೊಲೆಯೋ ಸುಣ್ಣವೋ ಕಲ್ಲು ಸಾಗಿಸಲು ಗಾಡಿಯೋ, ಬೇಕಾದ್ದನ್ನು ಒಂದೇ ಒಂದು ಸಲ ಹೇಳುವರು. ಮನೆಯವರು ನೀರು ತಂದರೆ "ಕೊಡೋವರೆಗೂ ಮುಟ್ಟೋದಿಲ್ಲ" ಅಂದು ಬಾಯಿ ಮುಚ್ಚಿ ಕೂತುಬಿಡುವರು. ನಮ್ಮ ಸೀಮೆಯಲ್ಲಿ ಬಾಗಿಲಿಗೆ ಬಂದವರು ಹಸಿದು ಕೂತಿದ್ದರೆ ಒಳಗಿನವರು ತುತ್ತು ಎತ್ತುವುದಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೊಟ್ಟೆ ಎಂದ ಮೇಲೆ ಒಂದು ಲೋಟ ಹಾಲೋ ಮಜ್ಜಿಗೆಯೋ ಕುಡಿದು ಎದ್ದು ಹೋಗುವರು. ಒಮ್ಮೆ ಬಾಯಿ ತಣಿಸಿಕೊಂಡ ಮನೆಯಲ್ಲಿ ಮತ್ತೆಂದೂ ಕೇಳುತ್ತಿರಲಿಲ್ಲ. ಅವರಲ್ಲಿದ್ದ ಮರ್ಯಾದೆ ಅಷ್ಟೇ.

ಬಸರಾಳಿನ ಒಬ್ಬ ಗೌಡರು ಅವರ ಛತ್ರಿ ಕಂಡ ಕೂಡಲೇ ಹಿತ್ತಲಿನ ಹುಲ್ಲಿನ ಮೆದೆಯ ಹಿಂದೆ ಅಡಗಿ ಕೂತರಂತೆ. ಹೆಡ್ಮಾಸ್ಟರು ಅಲುಗಲಿಲ್ಲ. ಒಳಗೆ ಮುದ್ದೆ ಆರಿತು, ಮಕ್ಕಳು ಅತ್ತವು. ಹೊತ್ತು ಇಳಿದಾಗ ಗೌಡರ ಹೆಂಡತಿ ಹಿತ್ತಲಿಗೆ ಹೋಗಿ ಮೆದೆಗೆ ಕೇಳುವ ಹಾಗೆ ಕೂಗಿದಳು: "ಅದೇನ್ ಕೊಡ್ತೀಯೋ ಕೊಟ್ ಕಳ್ಸು ಅತ್ಲಾಗೆ! ಆ ಮೇಷ್ಟ್ರು ಓಗೋಗಂಟ ನನ್ ಮಕ್ಳು ಅಸ್ಕೊಂಡ್ ಸಾಯ್ಬೇಕಾ?" ಗೌಡರು ಮೈಮೇಲಿನ ಹುಲ್ಲು ಕೊಡವಿಕೊಂಡು ಬಂದು ಹೊಸ ಕೊಟ್ಟಿಗೆಗೆಂದು ಇಟ್ಟಿದ್ದ ತೊಲೆಗಳನ್ನು ಕೊಟ್ಟರು. ಅಂದಿನಿಂದ ಹಳ್ಳಿಗಳಲ್ಲಿ ಆ ಕರಿ ಕೋಟು ಕಂಡರೆ "ಕಾಲೇಜು ಬತ್ತಾ ಅದೆ ಕಣ್ಲಾ, ಬಾಗ್ಲಾಕು!" ಎಂದು ಕೂಗು ಏಳುತ್ತಿತ್ತು.

ನನ್ನ ಸಿಟ್ಟು ಇದಕ್ಕಿಂತ ಹಳೆಯದು. ಶಾಲೆಯಲ್ಲಿ ಕೊನೆಯ ವರ್ಷ, ರಂಜಾನ್ ತಿಂಗಳು. ರೋಜಾ ಇದ್ದ ನಾನು ಅವರ ಪಾಠದಲ್ಲಿ ತೂಕಡಿಸಿದೆ. ಏಕೆ ಎಂದು ಕೇಳಲಿಲ್ಲ. ಬಯಲಿನಲ್ಲಿ ಬಿಸಿಲಿಗೆ ನಿಲ್ಲಿಸಿದರು, ಸಂಜೆಯ ಗಂಟೆ ಹೊಡೆಯುವವರೆಗೂ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಗಂಟೆ ಹೊಡೆದ ಮೇಲೆ ನಾನು ಅವರ ಮುಖಕ್ಕೇ ಒಂದು ಮಾತು ಅಂದೆ. ಆ ಮಾತನ್ನು ಇಲ್ಲಿ ಬರೆಯಲಾರೆ. ಮರುದಿನದಿಂದ ಶಾಲೆ ಇಲ್ಲ. ಮಗ ಓದಿ ನೌಕರಿ ಹಿಡಿಯುತ್ತಾನೆ ಎಂದುಕೊಂಡಿದ್ದ ಅಪ್ಪ ನನ್ನನ್ನು ಒಂದು ಬಸ್ಸಿನ ಗ್ಯಾರೇಜಿಗೆ ಬಿಟ್ಟು, ತಿರುಗಿ ನೋಡದೆ ಹೋದರು. ಅಲ್ಲಿ ಮೈಗೆ ಗ್ರೀಸು ಮೆತ್ತಿಕೊಂಡು ಬೆಳೆದು, ಕೊನೆಗೆ ಮದ್ದೂರು ಮಳವಳ್ಳಿ ನಡುವೆ ನನ್ನದೇ ಒಂದು ಹಳೆಯ ಬಸ್ಸು ಓಡಿಸತೊಡಗಿದೆ. ಪೆಟ್ರೋಲು ಸಿಗದ ಕಾಲ. ಬಸ್ಸಿನ ಬೆನ್ನಿಗೆ ಇದ್ದಿಲಿನ ಡ್ರಮ್ಮು ಕಟ್ಟಿ, ಅದರ ಹೊಗೆಯಿಂದಲೇ ಓಡಿಸಬೇಕಿತ್ತು.

ಒಂದು ಬೆಳಿಗ್ಗೆ ನಾನು ಡ್ರಮ್ಮಿಗೆ ಇದ್ದಿಲು ಸುರಿಯುತ್ತಿದ್ದಾಗ ಅವರು ಬಂದು ಎದುರಿಗೆ ನಿಂತರು.

"ಭಾನುವಾರ ಭಾನುವಾರ ಬಸ್ಸು ಬಿಡು. ಮಳವಳ್ಳಿ ಕಡೆ ಹಳೆಯ ವಿದ್ಯಾರ್ಥಿಗಳನ್ನ ಮಂಡ್ಯಕ್ಕೆ ಕರೆತಂದು ಪಾಯ ತೋರಿಸ್ಬೇಕು. ಮಾತಿಗೆ ಯಾರೂ ಕೊಡೋಲ್ಲ, ಕಣ್ಣಾರೆ ಕಂಡ ಗೋಡೆಗೆ ಕೊಡ್ತಾರೆ."

"ನಾನ್ ನಿಮ್ ಹಳೇ ವಿದ್ಯಾರ್ಥಿ ಅಲ್ಲ, ಸಾರ್. ನೀವೇ ಕತ್ತು ಹಿಡ್ದು ಆಚೆ ನೂಕಿದ್ರಿ."

"ಅದಕ್ಕೇ ಕೇಳ್ತಿರೋದು. ಅವತ್ತು ನೂಕದೇ ಇದ್ದಿದ್ರೆ ನೀನು ತಾಲ್ಲೂಕು ಕಚೇರೀಲಿ ಗುಮಾಸ್ತ ಆಗಿರ್ತಿದ್ದೆ. ಈ ಬಸ್ಸು ಎಲ್ಲಿಂದ ಬರ್ತಿತ್ತು? ಇದರಲ್ಲಿ ಕಾಲೇಜಿಗೂ ಒಂದು ಪಾಲಿದೆ."

ಕೈಯಲ್ಲಿದ್ದ ಇದ್ದಿಲ ಬುಟ್ಟಿಯನ್ನು ಅವರ ತಲೆಗೆ ಕವುಚಬೇಕು ಅನ್ನಿಸಿತು. "ಕೊಡಲ್ಲ" ಅಂದೆ. "ನಾಳೆ ಮನೆಗೆ ಬರ್ತೀನಿ" ಎಂದು ಹೊರಟರು.

ಮರುದಿನ ನಡುಮಧ್ಯಾಹ್ನಕ್ಕೆ ಬಂದೇ ಬಂದರು. ಬಸ್ಸು ರಿಪೇರಿಗೆ ನಿಂತಿತ್ತು, ನಾನು ಮನೆಯಲ್ಲಿದ್ದೆ. ಜಗಲಿಯ ಮೇಲೆ ಛತ್ರಿ ಅಡ್ಡ ಇಟ್ಟುಕೊಂಡು ಕೂತರು. ನನಗೆ ನಗು ತಡೆಯಲಾಗಲಿಲ್ಲ. ಆಗಲೂ ರಂಜಾನ್ ತಿಂಗಳೇ! ನಮ್ಮ ಮನೆಯಲ್ಲಿ ಒಲೆಯೇ ಹತ್ತಿರಲಿಲ್ಲ. ಉಪವಾಸ ಇರುವವರ ಮನೆ ಮುಂದೆ ಉಪವಾಸ ಕೂತಿದ್ದರು ಆ ಮಹಾನುಭಾವರು. ಇಷ್ಟು ವರ್ಷ ಸಾಬರ ಮಕ್ಕಳಿಗೆ ಪಾಠ ಹೇಳಿಯೂ ಅದು ನೆನಪಿರಲಿಲ್ಲ. ನೆನಪು ಮಾಡುವ ಗೋಜಿಗೆ ನಾನೂ ಹೋಗಲಿಲ್ಲ, ಕೂತಿರಲಿ ಅಂದುಕೊಂಡೆ. ಸೂರ್ಯ ವಾಲಿ ಬಿಸಿಲು ಜಗಲಿಗೆ ಬಂತು. ಅವರು ಸರಿದು ಕೂರಲಿಲ್ಲ. ಅವರ ಗಂಟಲು ಓಡಾಡುವುದನ್ನು ನಾನು ಕಿಟಕಿಯಿಂದ ನೋಡಿ ನೋಡಿ ತಣಿದೆ.

ಸಂಜೆ ನನ್ನ ತಾಯಿ, ಅಮ್ಮಿ, ತಟ್ಟೆಯಲ್ಲಿ ಖರ್ಜೂರ, ನೀರು ಇಟ್ಟುಕೊಂಡು ಹೊರಗೆ ಬಂದಳು. ಆಗಲೇ ಅವಳಿಗೆ ಬಹಳ ವಯಸ್ಸು. ಬೇಡವೆಂದರೂ ಕೇಳದೆ ರೋಜಾ ಹಿಡಿದು, ಮಧ್ಯಾಹ್ನದಿಂದ ಗೋಡೆ ಹಿಡಿದೇ ಓಡಾಡುತ್ತಿದ್ದಳು. ತಟ್ಟೆಯನ್ನು ಹೆಡ್ಮಾಸ್ಟರ ಮುಂದೆ ಇಟ್ಟು, ಎದುರಿಗೆ ಹೊಸಿಲ ಮೇಲೆ ಕೂತಳು.

"ಮೇಷ್ಟ್ರೇ, ನಮ್ಮಂಗೆ ನೀವೂ ಒಂದ್ ತೊಟ್ಟು ನೀರ್ ಕಂಡಿಲ್ಲ. ನಿಮ್ಮುನ್ನ ಅಸ್ಕೊಂಡ್ ಕೂರುಸ್ಬುಟ್ಟು ನಾನೆಂಗೆ ರೋಜಾ ಬುಡ್ಲಿ? ನೀವ್ ಕುಡುದ್ರೆ ನಾನ್ ಕುಡೀತೀನಿ. ಇಲ್ದಿದ್ರೆ ಇಲ್ಲ."

ರೋಜಾ ಎನ್ನುವ ಮಾತು ಕೇಳಿ ಅವರ ಮುಖ ಮೊದಲ ಸಲ ಬದಲಾಯಿತು. ಅವರು ಮಡಿಯ ಮನೆಯವರು. ನಮ್ಮ ಮನೆಯ ನೀರು ಕುಡಿದರೆ ಅವರ ಮನೆಯಲ್ಲಿ ಏನು ನಡೆಯುತ್ತದೆ ಎಂದು ಊರಿಗೇ ಗೊತ್ತು. ಆದರೂ ಹಟ ಬಿಡಲಿಲ್ಲ. "ನಿಮ್ಮ ಮಗ ಬಸ್ಸು ಕೊಡ್ತೀನಿ ಅನ್ನಲಿ, ತಾಯಿ. ಈಗಲೇ ಕುಡೀತೀನಿ" ಅಂದರು.

"ಕೊಡಲ್ಲ" ಅಂದೆ ನಾನು.

ಮಸೀದಿಯಿಂದ ಆಜಾನ್ ಕೇಳಿಸಿತು. ಬೀದಿಯ ಎಲ್ಲ ಮನೆಗಳಲ್ಲೂ ನೀರಿನ ಲೋಟ ಎತ್ತಿದ ಹೊತ್ತು. ಅಮ್ಮಿ ಎತ್ತಲಿಲ್ಲ. ತುಟಿ ಬಿರಿದು ಬಿಳಿಚಿಕೊಂಡಿತ್ತು. ಕುಡಿ ಅಂತ ಉರ್ದುವಿನಲ್ಲಿ ಬೇಡಿದೆ, ಬೈದೆ. ನನ್ನ ಕಡೆ ತಿರುಗಲೂ ಇಲ್ಲ. ಒಂದೇ ಒಂದು ಮಾತು, ‘ಕೊಟ್ಟೆ’ ಎಂದು ನಾನು ಅಂದಿದ್ದರೆ ಅವಳ ಗಂಟಲು ತಣಿಯುತ್ತಿತ್ತು. ನನ್ನ ಬಾಯಿಂದ ಬರಲಿಲ್ಲ.

ಹೆಡ್ಮಾಸ್ಟರು ಅವಳನ್ನು ನೋಡಿದರು. ಆಮೇಲೆ ನನ್ನನ್ನು.

"ಅವತ್ತು ನಿನ್ನನ್ನ ಬಿಸಿಲಲ್ಲಿ ನಿಲ್ಸಿದ್ದು ಸಂಜೆವರೆಗೂ, ಅಲ್ವೇನೋ?"

"ಗಂಟೆ ಹೊಡಿಯೋವರ್ಗೂ."

"ಹೂಂ" ಅಂದರು. ಲೋಟ ಎತ್ತಿ, ಮಡಿಯವರ ಹಾಗೆ ಮೇಲಿನಿಂದ ಸುರಿದುಕೊಳ್ಳದೆ ತುಟಿಗೇ ಇಟ್ಟು, ತಳದವರೆಗೂ ಕುಡಿದರು. ಒಂದು ಖರ್ಜೂರ ಬಾಯಿಗೆ ಹಾಕಿಕೊಂಡರು. ಅಮ್ಮಿ ಬಿಸ್ಮಿಲ್ಲಾ ಹೇಳಿ ತಾನೂ ನೀರು ಎತ್ತಿದಳು. ಅವರು ಛತ್ರಿ ತೆಗೆದುಕೊಂಡು ಎದ್ದರು. ಬಾಯಿ ತಣಿಸಿಕೊಂಡ ಮನೆಯಲ್ಲಿ ಕೇಳುವುದಿಲ್ಲ ಎನ್ನುವ ತಮ್ಮ ನೇಮದಂತೆ ಬಸ್ಸಿನ ಸುದ್ದಿ ಎತ್ತದೆ ಬೀದಿಗಿಳಿದು ಹೋದರು.

ಗೆದ್ದವನು ನಾನು. ಆ ರಾತ್ರಿ ಅನ್ನ ಇಳಿಯಲಿಲ್ಲ. "ಕೇಳ್ದೆ ಹೋದ್ರು ಅವ್ರು. ಕೊಡೋದಾದ್ರೆ ಈಗ ಕೊಡು" ಎಂದಷ್ಟೇ ಅಮ್ಮಿ ಹೇಳಿದಳು. ಆ ಭಾನುವಾರ ಬಸ್ಸು ತೆಗೆದೆ. ಅಮ್ಮಿಯ ಮಾತಿಗೆ ತೆಗೆದೆ, ಅವರಿಗಾಗಿ ಅಲ್ಲ.

ಅದಕ್ಕೊಂದು ಒಳ್ಳೆಯ ಮಾತು ಬಂತೆಂದು ತಿಳಿಯಬೇಡಿ. ಚಿಕ್ಕರಸಿನಕೆರೆಯಲ್ಲಿ ಹತ್ತಿದವರಿಗೆಲ್ಲ ನನ್ನನ್ನು ತೋರಿಸಿ, "ಇವನನ್ನ ಶಾಲೆಯಿಂದ ಓಡಿಸಿದ್ದು ನಾನೇ. ಓಡಿಸಿದ್ದಕ್ಕೇ ನೀವಿವತ್ತು ಬಸ್ಸಲ್ಲಿ ಕೂತಿದ್ದೀರಿ" ಅಂದರು. ಎಲ್ಲರೂ ನಕ್ಕರು. ನಾನು ಬೇಕೆಂದೇ ಬಸ್ಸನ್ನು ಗುಂಡಿಗೆ ಇಳಿಸಿ ಅವರ ತಲೆ ಸೂರಿಗೆ ಬಡಿಯುವ ಹಾಗೆ ಮಾಡಿದೆ. ವರ್ಷಗಟ್ಟಲೆ ಹೀಗೇ ಭಾನುವಾರಗಳು ಕಳೆದವು. ನಮ್ಮ ನಡುವೆ ನಾಲ್ಕು ಒಳ್ಳೆಯ ಮಾತು ಹುಟ್ಟಲಿಲ್ಲ. ನಮ್ಮ ಮನೆಯ ನೀರು ಕುಡಿದದ್ದಕ್ಕೆ ಪುರೋಹಿತರು ಅವರ ಮನೆ ಹೊಸಿಲು ತುಳಿಯುವುದನ್ನು ಬಿಟ್ಟರು, ಸ್ವಂತ ಮನೆಯಲ್ಲೇ ಅವರ ತಟ್ಟೆ ಲೋಟ ಬೇರೆಯಾಯಿತು ಎಂದು ಊರೆಲ್ಲ ಆಡಿಕೊಂಡಿತು. ಅವರು ಮಾತ್ರ ನನ್ನ ಎದುರು ಅದನ್ನು ಎತ್ತಲಿಲ್ಲ.

ಮಂಡ್ಯದಲ್ಲಿ ಗೋಡೆಗಳು ಎದ್ದವು. ಸೂರಿಗೆ ಹೆಂಚು ಆಗಬೇಕಿತ್ತು. ಅಷ್ಟು ಹೆಂಚು ಕೊಡುವ ಶಕ್ತಿ ಫೇಲಾದವರಲ್ಲಿ ಯಾರಿಗೂ ಇರಲಿಲ್ಲ. ಮಳವಳ್ಳಿಯ ಸಾಹುಕಾರನೊಬ್ಬನಿಗೆ ಇತ್ತು. ಹೆಡ್ಮಾಸ್ಟರ ಕೈಕೆಳಗೆ ಮೊದಲ ದರ್ಜೆಯಲ್ಲಿ ಪಾಸಾದವನು, ಹೆಂಚಿನ ವ್ಯಾಪಾರಿ. ಸ್ವಾತಂತ್ರ್ಯ ಬರುವ ಮುಂಚಿನ ಬೇಸಿಗೆಯಲ್ಲಿ ಅವರು ಮೊಟ್ಟಮೊದಲ ಸಲ ಪಾಸಾದವನ ಜಗಲಿ ಹತ್ತಿದರು. ಅವನು ಕದಕ್ಕೆ ಅಗುಳಿ ಹಾಕಿಸಿ, ಒಳಗೆ ಕೂತು ಹೊಟ್ಟೆ ತುಂಬ ಉಂಡನಂತೆ. ಹಸಿದವರನ್ನು ಹೊರಗೆ ಕೂರಿಸಿ ಉಣ್ಣುವ ವಿದ್ಯೆ ನಮ್ಮ ಪೈಕಿ ಯಾವ ದಡ್ಡನಿಗೂ ಬಂದಿರಲಿಲ್ಲ. ಸಂಜೆ ನನ್ನ ಬಸ್ಸು ಮಳವಳ್ಳಿಗೆ ಬಂದಾಗ ಜನ ಓಡಿ ಬಂದು ಕರೆದರು. ಕಂಬಕ್ಕೆ ಒರಗಿಕೊಂಡಿದ್ದರು, ಛತ್ರಿ ತೊಡೆಯ ಮೇಲೇ ಇತ್ತು. ಗಂಟಲು ಅಲುಗುತ್ತಿರಲಿಲ್ಲ.

ಅವರ ದೇಹವನ್ನು ನನ್ನ ಬಸ್ಸಿನಲ್ಲೇ ಮದ್ದೂರಿಗೆ ತಂದೆ. ಆ ರಸ್ತೆಯ ಒಂದೊಂದು ಗುಂಡಿಯನ್ನೂ ತಪ್ಪಿಸಿಕೊಂಡು ಬಂದೆ. ಮನೆಗೆ ಬಂದು ಹೇಳಿದಾಗ ಹಾಸಿಗೆ ಹಿಡಿದಿದ್ದ ಅಮ್ಮಿ ಕೇಳಿದ್ದು ಒಂದೇ: "ನೀರು ಕುಡ್ದಿದ್ರಾ?"

ಇಲ್ಲ ಅಂದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಅವರನ್ನು ನಾನು ಕ್ಷಮಿಸಿಲ್ಲ, ಈಗಲೂ. ಬಿಸಿಲಲ್ಲಿ ನಿಂತ ಆ ದಿನ ನನ್ನ ಮೈಯಲ್ಲೇ ಇದೆ. ಆದರೆ ನನ್ನ ತಾಯಿಗಾಗಿ ಸೋಲಲು ಆ ಸಂಜೆ ನನ್ನಿಂದಾಗಲಿಲ್ಲ, ಅವರಿಂದಾಯಿತು. ಆ ಋಣ ಹೊತ್ತು ಬದುಕುವುದು ದ್ವೇಷ ಹೊತ್ತು ಬದುಕುವುದಕ್ಕಿಂತ ಕಷ್ಟ.

ಮರುದಿನ ಮಧ್ಯಾಹ್ನ, ಊಟದ ಹೊತ್ತಿಗೆ ಸರಿಯಾಗಿ, ಮಳವಳ್ಳಿಯ ಆ ಮನೆಯ ಬಾಗಿಲಿಗೆ ಅಡ್ಡವಾಗಿ ಬಸ್ಸು ನಿಲ್ಲಿಸಿದೆ. ಜಗಲಿ ಹತ್ತಿ ಅದೇ ಕಂಬದ ಪಕ್ಕ ಕೂತೆ. ಬಸ್ಸಿನಲ್ಲಿದ್ದವರು ಒಬ್ಬೊಬ್ಬರಾಗಿ ಇಳಿದು ಬಂದು ನನ್ನ ಸುತ್ತ ಕೂತರು. ಆಳು ನೀರು ತಂದ. "ಹೆಂಚು ಕೊಡೋಗಂಟ ಮುಟ್ಟಲ್ಲ ಅನ್ನು ನಿಮ್ ಧಣಿಗೆ" ಅಂದೆ. ಒಳಗಿನಿಂದ ಒಗ್ಗರಣೆಯ ವಾಸನೆ ಬಂತು, ನನ್ನ ಗಂಟಲು ಮೇಲೆ ಕೆಳಗೆ ಆಡಿತು. ಸಾಹುಕಾರ ಕಿಟಕಿ ತೆರೆದು ಇಣುಕಿದ.

"ಯಾವನಯ್ಯಾ ನೀನು?"

"ಹೆಡ್ಮಾಸ್ಟರ ಹಳೇ ವಿದ್ಯಾರ್ಥಿ" ಅಂದೆ.