ಜಯಮಾಲಾ ಹುಡುಕಿದ ಮರಳುಗಾಡು

ಜಯಮಾಲಾಳ ದಣಿವು ಮಲಗಿ ಎದ್ದರೆ ಹೋಗುವಂಥದ್ದಲ್ಲ. ಬೆಳಗ್ಗೆ ಹಲ್ಲುಜ್ಜುವ ಹೊತ್ತಿಗೇ ಸೊಂಟ ಹಿಡಿದುಕೊಂಡು ನಿಂತಿರುತ್ತಿತ್ತು. ಮನೆ ಐರ್ಲೆಂಡಿನ ಕಿಲ್ಕೆನ್ನಿಯಲ್ಲಿ, ಡಾಕ್ಟರ್ ಕೆಲಸ ಮುಕ್ಕಾಲು ಗಂಟೆ ದೂರದ ಇನ್ನೊಂದೂರಿನ ಆಸ್ಪತ್ರೆಯ ತುರ್ತು ವಿಭಾಗದಲ್ಲಿ. ಹೇಗಿದ್ದೀರಿ ಎಂದು ಯಾರು ಕೇಳಿದರೂ ‘ಗ್ರ್ಯಾಂಡ್’, ಅಂದರೆ ಚೆನ್ನಾಗಿದ್ದೀನಿ, ಅನ್ನುತ್ತಿದ್ದಳು. ಆ ದೇಶದಲ್ಲಿ ಸಾಯುವವನೂ ಹಾಗೇ ಅನ್ನುತ್ತಾನೆ, ಅದಕ್ಕೇನು ಬೆಲೆ?

ಅವಳ ತಂದೆ ಶಿವರುದ್ರಪ್ಪ ಸೆಪ್ಟೆಂಬರಿನಲ್ಲಿ ಮಗಳನ್ನು ನೋಡಲು ಬಂದರು. ಚಳ್ಳಕೆರೆ ಡಿಪೊದಲ್ಲಿ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ತಿಂಗಳು ಕಳೆದರೂ ತಾವು ನೋಡಲು ಬಂದ ಮಗಳನ್ನೇ ಸರಿಯಾಗಿ ನೋಡಿರಲಿಲ್ಲ. ಅವರು ಏಳುವ ಮೊದಲೇ ಅವಳು ಹೊರಟಿರುತ್ತಿದ್ದಳು, ಇಲ್ಲವೇ ಮನೆಯಲ್ಲಿದ್ದರೂ ಕದ ಹಾಕಿಕೊಂಡು ಮಲಗಿರುತ್ತಿದ್ದಳು. ಅವರು ಮಂಕಿ ಕ್ಯಾಪ್ ಹಾಕಿಕೊಂಡು ಹೀಟರಿನ ಪಕ್ಕ ಕೂತು, ಕಿಟಕಿಯಾಚೆಯ ಮಳೆ ನೋಡುತ್ತಿದ್ದರು. ಒಂದು ದಿನ ಊರಿನ ಗೆಳೆಯನಿಗೆ ಫೋನಿನಲ್ಲಿ, “ಇಲ್ಲಿ ಸೂರ್ಯ ಡ್ಯೂಟಿಗೆ ಬರೋದೇ ಅಪರೂಪ ಕಣಪ್ಪ” ಎಂದು ನಗುತ್ತಿದ್ದದ್ದು ಅವಳ ಕಿವಿಗೆ ಬಿತ್ತು. ಅಷ್ಟೇ ಸಾಕಾಯಿತು. ಅಪ್ಪಾಜಿಗೆ ಬಿಸಿಲು ಬೇಕು! ಅವರು ಊರಿಗೆ ಹೊರಡುವ ಮುಂಚೆ ಅವರ ಜೊತೆ ಬಿಸಿಲಲ್ಲಿ ಹತ್ತು ದಿನ ಕೂರಲೇಬೇಕು. ಅದೂ ಆಗದಿದ್ದರೆ ಅವರು ಅಷ್ಟು ದೂರದಿಂದ ಹೀಟರ್ ನೋಡಲು ಬಂದಂತಾಗುತ್ತದೆ.

ಗಂಡ ಚಂದ್ರಕಾಂತನ ಹತ್ತಿರ ಹಳೆಯ ಕ್ಯಾಂಪರ್ ವ್ಯಾನ್ ಇತ್ತು. ಒಳಗೇ ಹಾಸಿಗೆ, ಒಲೆ, ಸಿಂಕು. ರಾಸ್‌ಲೇರ್ ಬಂದರಿನಲ್ಲಿ ವ್ಯಾನ್ ಸಮೇತ ಹಡಗು ಹತ್ತಿದರೆ ಸ್ಪೇನ್. ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ಟಾಬೆರ್ನಾಸ್ ಎಂಬ ಮರಳುಗಾಡು, ಅದರ ಸುತ್ತ ವ್ಯಾನ್ ನಿಲ್ಲಿಸಲು ಕ್ಯಾಂಪ್‌ಗ್ರೌಂಡುಗಳು. ಆಸ್ಪತ್ರೆಯಲ್ಲಿ ಮೈಕ್ರೋವೇವಿನ ಮುಂದೆ ನಿಂತುಕೊಂಡೇ ಮೊಸರನ್ನ ತಿನ್ನುತ್ತ, ಫೋನಿನಲ್ಲಿ ಒಂದೊಂದನ್ನೇ ಜಾಲಾಡಿದಳು. ಮರಳುಗಾಡಿನಲ್ಲಿ ಜಾಗ ಹುಡುಕುವುದೆಂದರೆ ಬಿಸಿಲು ಹುಡುಕುವುದಲ್ಲ, ನೆರಳು ಹುಡುಕುವುದು ಎಂದು ಅವಳಿಗೆ ಬೇಗ ಗೊತ್ತಾಯಿತು. ಒಂದು ಕಡೆ ಈಜುಕೊಳವಿತ್ತು, ಮರವಿರಲಿಲ್ಲ. ಇನ್ನೊಂದು ಒಣಗಿದ ಹೊಳೆಯ ಪಾತ್ರದಲ್ಲೇ ಇತ್ತು. ಬೆಟ್ಟದ ಮೇಲೆ ಮಳೆಯಾದರೆ ಎದ್ದು ಓಡಬೇಕಾಗುತ್ತದೆ ಎಂದು ಯಾರೋ ಪುಣ್ಯಾತ್ಮ ಬರೆದಿದ್ದ. ಮತ್ತೊಂದರಲ್ಲಿ ಗಾಳಿಗೆ ವ್ಯಾನಿನ ಮುಂದೆ ಕಟ್ಟಿದ ಚಪ್ಪರವೇ ಹಾರಿಹೋಗುತ್ತಿತ್ತಂತೆ. ಕೊನೆಗೆ ಸಿಕ್ಕಿತು: ಗಟ್ಟಿ ನೆಲ, ಕರೆಂಟಿನ ಪ್ಲಗ್ಗು, ಮೆಟ್ಟಿಲಿಲ್ಲದ ಸ್ನಾನದ ಮನೆ, ಎರಡು ನೀಲಗಿರಿ ಮರ. ಮಧ್ಯಾಹ್ನ ನೆರಳು, ಸಂಜೆ ಅಪ್ಪನ ನೋಯುವ ಮಂಡಿಗೆ ಹಿತವಾದ ಬಿಸಿಲು. ಮರದ ಕೆಳಗೆ ಅಪ್ಪನ ಕುರ್ಚಿ ಎಲ್ಲಿ ಹಾಕಬೇಕೆಂಬುದೂ ಅವಳ ತಲೆಯಲ್ಲಿ ತೀರ್ಮಾನವಾಗಿಹೋಗಿತ್ತು. ಅಲ್ಲಿಗೆ ಹೋಗುವ ಮುಂಚೆಯೇ ಅರ್ಧ ಸುಖ ಉಂಡುಬಿಟ್ಟಿದ್ದಳು ಮಹಾರಾಯಿತಿ.

ಹೊರಡುವ ಹಿಂದಿನ ದಿನ ಶಿವರುದ್ರಪ್ಪ ತಮ್ಮ ಪಾಸ್‌ಪೋರ್ಟ್ ಹಿಡಿದು ಅಡುಗೆಮನೆಗೆ ಬಂದರು.

“ಮಾಲಾ, ಬೇರೆ ದೇಶ ಅಂತೀಯಲ್ಲವ್ವ. ಇದಕ್ಕೆ ಇನ್ನೇನಾದ್ರೂ ಹಚ್ಚಿಸ್ಬೇಕೇನು?”

ಅವಳು ಡಬ್ಬಿಗೆ ಚಟ್ನಿಪುಡಿ ತುಂಬುತ್ತಿದ್ದಳು. “ಎಲ್ಲಾ ನೋಡಿದೀನಿ ಅಪ್ಪಾಜಿ. ನೀವು ಆರಾಮಾಗಿರಿ” ಎಂದಳು, ತಲೆ ಎತ್ತದೆ.

ರಾಸ್‌ಲೇರಿನ ಕೌಂಟರಿನಲ್ಲಿದ್ದ ಹುಡುಗಿ ಎರಡು ಕೆಂಪು ಐರಿಷ್ ಪಾಸ್‌ಪೋರ್ಟುಗಳನ್ನು ನೋಡಿ ಹಿಂದೆ ಕೊಟ್ಟಳು. ಮೂರನೆಯದು ನೀಲಿ, ಭಾರತದ್ದು. ಅದರ ಹಾಳೆಗಳನ್ನು ತಿರುವಿದಳು, ಮತ್ತೊಮ್ಮೆ ತಿರುವಿದಳು. “ಇದರಲ್ಲಿರೋದು ಐರ್ಲೆಂಡಿನ ವೀಸಾ ಮಾತ್ರ. ಸ್ಪೇನಿಂದು ಎಲ್ಲಿ?” ಎಂದು ಕೇಳಿದಳು.

ಜಯಮಾಲಾ ಕೈ ಚಾಚಿ ಆ ಪಾಸ್‌ಪೋರ್ಟನ್ನು ತಾನೇ ತಿರುವಿದಳು. ಐರ್ಲೆಂಡಿನ ವೀಸಾ ಸ್ಪೇನಿನಲ್ಲಿ ನಡೆಯುವುದಿಲ್ಲ. ಇದು ಅವಳಿಗೆ ಗೊತ್ತಿಲ್ಲದ್ದೇ? ಮೊದಲ ವರ್ಷಗಳಲ್ಲಿ ಪ್ಯಾರಿಸ್ಸಿಗೆ ಹೋಗಲು, ಸ್ಪೇನಿಗೂ ಫ್ರಾನ್ಸಿಗೂ ನಡೆಯುವ ಇದೇ ವೀಸಾಕ್ಕಾಗಿ ಡಬ್ಲಿನ್ನಿನ ಚಳಿಯಲ್ಲಿ ಸಾಲು ನಿಂತವಳು. ಕೆಂಪು ಪಾಸ್‌ಪೋರ್ಟ್ ಕೈಗೆ ಬಂದು ಮೂರು ವರ್ಷವಾಗಿರಲಿಲ್ಲ, ವೀಸಾ ಎಂಬ ಪದವೇ ತಲೆಯಿಂದ ಇಳಿದುಹೋಗಿತ್ತು. ನೀಲಗಿರಿ ಮರದ ನೆರಳು ಎತ್ತ ಬೀಳುತ್ತದೆಂದು ನೋಡಿದವಳು, ಅಪ್ಪ ಯಾವ ದೇಶದವರೆಂದು ನೋಡಿರಲಿಲ್ಲ.

ಹುಡುಗಿ ಸಂಕಟಪಟ್ಟು ಸಾರಿ ಸಾರಿ ಎಂದಳು. ಶಿವರುದ್ರಪ್ಪನವರೇ ಅವಳಿಗೆ ಸಮಾಧಾನದ ಕೈ ಮಾಡಿದರು. ಆಮೇಲೆ ಮಗಳ ಕಡೆ ತಿರುಗಿ, “ಹೇಳವ್ವ ಆ ಹುಡುಗಿಗೆ, ಬೇಜಾರ್ ಮಾಡ್ಕಬೇಡ ಅನ್ನು. ನಾನೂ ಬಸ್ಸಿಂದ ಎಷ್ಟು ಜನರನ್ನ ಇಳಿಸಿಲ್ಲ?” ಎಂದರು.

ಅವಳು ವ್ಯಾನಿನ ಹಿಂದೆ ಹೋಗಿ ನಿಂತು ಅತ್ತಳು.

ಕ್ಯಾಂಪರುಗಳ ಸಾಲು ಹಡಗಿನೊಳಗೆ ಹೋಯಿತು. ಇವರದೊಂದು ಮಾತ್ರ ಹಿಂದಕ್ಕೆ ತಿರುಗಿತು. ಕತ್ತಲಾಗುವ ಮುಂಚೆ ಚಂದ್ರಕಾಂತ ಸಮುದ್ರದ ಪಕ್ಕದ ಒಂದು ಕ್ಯಾರವಾನ್ ಪಾರ್ಕಿಗೆ ವ್ಯಾನ್ ಹೊಗಿಸಿದ. ಜಾಗವೆಲ್ಲ ಖಾಲಿ ಖಾಲಿ, ಹುಲ್ಲಿನ ಮೇಲೆ ನೀರು. “ಎಲ್ಲಿ ನಿಲ್ಲಿಸ್ಲಿ?” ಎಂದು ಕೇಳಿದ.

“ಎಲ್ಲಾದ್ರೂ ನಿಲ್ಸು” ಎಂದಳು, ಅಷ್ಟು ವಾರ ಮರ ಎಣಿಸಿ ಜಾಗ ಆರಿಸಿದವಳು.

ಚಂದ್ರಕಾಂತ ಚಹಾ ಕಾಸಿದ. ಅವಳು ತಂದೆಯ ಎದುರು ಕೂತು, “ನೀವು ಕೇಳಿದ್ರಿ ಅಪ್ಪಾಜಿ. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ. ನಿಮಗೊಂದು ಚೂರು ಬಿಸಿಲು ತೋರ್ಸೋಕೂ ಆಗ್ಲಿಲ್ಲ ನನ್ನ ಕೈಲಿ” ಎಂದಳು.

ಶಿವರುದ್ರಪ್ಪ ನಕ್ಕುಬಿಟ್ಟರು. “ಚಳ್ಳಕೆರೆಯೋನಿಗೆ ಬಿಸಿಲು ತೋರಿಸ್ತೀಯಾ? ಜೀವಮಾನವೆಲ್ಲ ಬಿಸಿಲಲ್ಲೇ ಬೆಂದೀನಿ. ಬಿಸಿಲು ಬೇಕು ಅಂತ ನಾನ್ ಯಾವಾಗ ಕೇಳ್ದೆ?”

“ಮತ್ತೆ ನಿಮಗೆ ಏನು ಬೇಕಿತ್ತು?”

ಆ ಪ್ರಶ್ನೆ ಅವಳ ಬಾಯಿಂದ ಬಂದದ್ದು ಅಂದೇ ಮೊದಲು. ಅವರು ಲೋಟ ಕೆಳಗಿಟ್ಟರು.

“ನೀನು ಕೆಲಸ ಮಾಡೋ ಜಾಗ ನೋಡ್ಬೇಕಿತ್ತು. ಡಿಪೊದಲ್ಲಿ ಎಲ್ರೂ ಕೇಳ್ತಾರೆ, ಮಗಳ ಆಸ್ಪತ್ರೆ ಹೆಂಗೈತೆ ಅಂತ. ಏನು ಹೇಳ್ಲಿ?”

ಯಾವ ಜಾಗದಿಂದ ಓಡಿಹೋಗಲು ಅವಳು ಮರಳುಗಾಡಿನವರೆಗೂ ಹೊರಟಿದ್ದಳೋ, ಅಪ್ಪ ಅದನ್ನೇ ನೋಡಲು ಬಂದಿದ್ದರು. 

ಮರುದಿನ, ರಜೆಯ ಮೊದಲ ದಿನ, ಜಯಮಾಲಾ ಆಸ್ಪತ್ರೆಗೆ ಹೋದಳು. ಶಿವರುದ್ರಪ್ಪ ಬಾಗಿಲಲ್ಲೇ ಮಂಕಿ ಕ್ಯಾಪ್ ತೆಗೆದು ಜೇಬಿಗೆ ಹಾಕಿ, ತಲೆ ಸವರಿಕೊಂಡರು. ತುರ್ತು ವಿಭಾಗದ ನರ್ಸು ಓಡುತ್ತಲೇ, “ನಿಮ್ಮ ಮಗಳು ಚಿನ್ನ!” ಎಂದು ಹೇಳಿ ಹೋದಳು. ಜಯಮಾಲಾ ಅದನ್ನು ನಾಚುತ್ತ ಕನ್ನಡಕ್ಕೆ ತಿರುಗಿಸಿದಳು. ಕಾರಿಡಾರಿನುದ್ದಕ್ಕೂ ಟ್ರಾಲಿಗಳ ಮೇಲೆ ರೋಗಿಗಳು. ನಡುವೆ ಡಾಕ್ಟರುಗಳು ಒಬ್ಬರನ್ನೊಬ್ಬರು ದಾಟುತ್ತ, ಬಗ್ಗುತ್ತ, ಮುಂದೆ ಹೋಗುತ್ತಿದ್ದರು. ಹಬ್ಬದ ದಿನ ತುಂಬಿದ ಬಸ್ಸಿನಲ್ಲಿ ಟಿಕೆಟ್ ಹರಿದವರಿಗೆ ಆ ನಡಿಗೆ ಚೆನ್ನಾಗಿ ಗೊತ್ತು. ಅವರು ಬಹಳ ಹೊತ್ತು ನೋಡಿದರು.

“ನಿನ್ ಸೀಟು ಎಲ್ಲೈತೆ?”

“ನನಗೇ ಅಂತ ಸೀಟಿಲ್ಲ ಅಪ್ಪಾಜಿ. ಕೂರೋಕೆ ಟೈಮೂ ಇರಲ್ಲ.”

“ಊಟಕ್ಕೆ?”

ಅವಳು ಮೈಕ್ರೋವೇವ್ ತೋರಿಸಿದಳು. ಅದರ ಮುಂದೆ ಕುರ್ಚಿಯಿರಲಿಲ್ಲ.

ಶಿವರುದ್ರಪ್ಪ ಮೆಲ್ಲಗೆ ಹೊರಗೆ ಬಂದು, ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಸಿದಂತೆ ಕೂತರು. ತಮ್ಮ ಊದಿದ ಮಂಡಿಗಳನ್ನೇ ನೋಡಿಕೊಂಡರು.

“ಮೂವತ್ತು ವರ್ಷ ನಾನು ನಿಂತಿದ್ದು ಯಾಕೆ ಗೊತ್ತೇನವ್ವ? ನನ್ನ ಮಗಳಾದ್ರೂ ಕೂತ್ಕೊಂಡು ಕೆಲಸ ಮಾಡ್ಲಿ ಅಂತ.”

ಜಯಮಾಲಾ ನಿಂತೇ ಇದ್ದಳು. ಅವರು ಬೆಂಚಿನ ತುದಿಗೆ ಸರಿದು, ಪಕ್ಕದ ಖಾಲಿ ಜಾಗವನ್ನು ಅಂಗೈಯಿಂದ ಒರೆಸಿದರು.

“ಬಾ, ಕೂತ್ಕ” ಎಂದರು.