ಬೂದಿಯಕ್ಕನ ತೊಂಬತ್ತೆರಡು

ಬೆಳೆ ಸಂಶೋಧನಾ ಕೇಂದ್ರದ ಹಿಂಬದಿಯ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕಾಳು ಸುಟ್ಟವಳು ಬೂದಿಯಕ್ಕ. ಕಾಳನ್ನು ಪುಡಿ ಮಾಡಿ, ತೂಗಿ, ಪಿಂಗಾಣಿ ಬಟ್ಟಲಲ್ಲಿ ಕುಲುಮೆಗಿಟ್ಟರೆ ಕೊನೆಗೆ ಉಳಿಯುವುದು ಚಿಟಿಕೆ ಬಿಳಿ ಬೂದಿ. ಮೈಗೆ ಬೇಕಾದ ಕಬ್ಬಿಣ, ಸತು, ಸುಣ್ಣ ಇರುವುದು ಅದರಲ್ಲೇ. ಅವಳ ಸಂಬಳ ಕಸ ಗುಡಿಸುವವರದು. ಕೈ ಮಾತ್ರ ಅಕ್ಕಸಾಲಿಗನದು.

ಅಂಗಳದಲ್ಲಿ ಎರಡು ಗಾಜಿನ ಮನೆಗಳು. ಒಂದರಲ್ಲಿ ಈಗಿನ ಗಾಳಿ. ಇನ್ನೊಂದಕ್ಕೆ, ಮೊಮ್ಮಕ್ಕಳ ಕಾಲಕ್ಕೆ ಏರಬಹುದಾದಷ್ಟು ಇಂಗಾಲದ ಡೈಆಕ್ಸೈಡ್, ಅಂದರೆ ಕಾರ್ಖಾನೆ ಹೊಗೆಯಲ್ಲಿರುವ ಅನಿಲ, ಬಿಡುತ್ತಿದ್ದರು. ಅಲ್ಲಿನ ಗೋಧಿ ಎದೆಮಟ್ಟ, ಹಸಿರೋ ಹಸಿರು. ಅದನ್ನು ತೋರಿಸಿ ಕೇಂದ್ರದ ದೊಡ್ಡ ಸಾಹೇಬರು ಸಿಮೆಂಟ್ ಕಾರ್ಖಾನೆಯವರಿಗಾಗಿ ಕಿರುಪುಸ್ತಕ ಬರೆಯುತ್ತಿದ್ದರು: ಹೊಗೆಯೇ ಬೆಳೆಗೆ ಊಟ! ಥೂ, ಓದಿದ ನಾಲಿಗೆಯೇ ಇದನ್ನು ಹೇಳಿದ್ದು.

ಎರಡೂ ಮನೆಯ ಸಮತೂಕದ ಕಾಳು ಸುಟ್ಟು ಬೂದಿಯಕ್ಕ ತೂಗಿದಳು. ಮೊದಲ ಮನೆಯ ಕಾಳಿನ ಬೂದಿ ನೂರು ಪಾಲಾದರೆ, ಹಸಿರು ಮನೆಯದು ತೊಂಬತ್ತೆರಡೇ.

"ನಿನ್ನ ಕೈ ನಡುಗುತ್ತಮ್ಮ, ಚೆಲ್ಲಿದ್ದೀಯ," ಎಂದರು ಸಾಹೇಬರು.

"ಆರು ಸಲ ಸುಟ್ಟಿದ್ದೀನಿ ಸಾರ್. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ, ಅಷ್ಟೇ ನಿಮ್ಮ ಬೆಳೆ. ನನ್ನ ಮಗಳು ಬಸುರಿ, ರಕ್ತದಲ್ಲಿ ಕಬ್ಬಿಣ ಸಾಲದು ಅಂದ್ರು ಡಾಕ್ಟ್ರು. ನಾಳೆ ಅವಳ ಮಕ್ಕಳು ಹಸಿರು ನೋಡ್ಕೊಂಡು ಬದುಕಬೇಕಾ? ಮೇಲಿಂದ ಇದೇ ಹೊಗೆ ಕಾವನ್ನೂ ಏರಿಸುತ್ತೆ. ಹೂ ಬಿಡೋ ವಾರ ಕಾವು ಹೊಡೆದ್ರೆ ಕಾಳೇ ಕಟ್ಟಲ್ಲ. ಅದನ್ನೂ ಬರೀರಿ."

"ನಾನೇ ತೂಗ್ತೀನಿ, ನೋಡ್ತಾ ಇರು."

ಕಾರ್ಖಾನೆಯವರು ಬಂದ ದಿನ ಸಾಹೇಬರು ಹಸಿರು ಮನೆಯ ಬಟ್ಟಲನ್ನು ಕುಲುಮೆಯಿಂದ ತೆಗೆದರು, ಮುಚ್ಚಳ ಬಿಚ್ಚಿಟ್ಟರು, ಭಾಷಣ ಬಿಗಿದರು. ಹೊರಗೆ ಜಿಟಿಜಿಟಿ ಮಳೆ. ತೆರೆದಿಟ್ಟ ಬೂದಿ ಗಾಳಿಯ ತೇವ ಕುಡಿದು ಭಾರವಾಗುತ್ತದೆ. ಆ ಕೋಣೆಯ ಮೊದಲ ಪಾಠವೇ ಅದು. ತೂಕ ನೂರು ಬಂತು.

"ನೋಡಿದ್ಯಾ?"

"ನೀವು ತೂಗಿದ್ದು ನೀರು ಸಾರ್. ಮತ್ತೆ ಕುಲುಮೆಗಿಡಿ."

ಅವರು ಇಡಲಿಲ್ಲ, ಅವಳೇ ಇಟ್ಟಳು. ಮುಚ್ಚಿ ಆರಿಸಿ ತೂಗಿದಳು. ತೊಂಬತ್ತೆರಡು.

"ತಕ್ಕಡಿ ಕೆಟ್ಟಿದೆ," ಎಂದರು ಸಾಹೇಬರು.

"ಕುಣಿಯೋಕೆ ಬರದೋರಿಗೆ ನೆಲ ಡೊಂಕಂತೆ."

ಮರುದಿನ ಅವಳ ಕೈಗೆ ಪೊರಕೆ ಬಂತು. ಪುಸ್ತಕವೂ ಅಚ್ಚಾಗಿ ಬಂತು: ಕಾಳಿನ ಸತ್ವ ನೂರಕ್ಕೆ ನೂರು. ರೈತರ ಸಭೆಗೆಂದು ಇನ್ನೂರು ಪ್ರತಿಗಳನ್ನು ಕಾರಿಡಾರಿನಲ್ಲಿ ಪೇರಿಸಿದರು. ಆ ಕಾರಿಡಾರು ಗುಡಿಸುವವಳು ಯಾರು? ಇವಳೇ. ನಾಲ್ಕು ದಿನ ಊಟದ ಬಿಡುವಿನಲ್ಲಿ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು, ಪೆನ್ನು ಹಿಡಿದು.

ಸಭೆಯಲ್ಲಿ ಮುಂದಿನ ಸಾಲಿನ ರೈತನೊಬ್ಬ ಎದ್ದ. "ಸಾರ್, ನೂರು ಹೊಡೆದು ತೊಂಬತ್ತೆರಡು ಅಂತ ಬರ್ದಿದೆಯಲ್ಲ, ಯಾವುದು ನಿಜ?"

ಸಾಹೇಬರ ಮುಖ ಹುಳ್ಳಗಾಯಿತು. "ಯಾರ ಕೆಲಸ ಇದು?"

ಬೂದಿಯಕ್ಕ ಪೊರಕೆ ಹಿಡಿದೇ ಮುಂದೆ ಬಂದಳು.

"ನಂದೇ ಸಾರ್. ಇನ್ನೂರು ಕಡೆ ಬರ್ದಿದ್ದೀನಿ. ಎಲ್ಲಾದ್ರೂ ಕೈ ನಡುಗಿದ್ಯಾ, ನೋಡಿ."