ಲಿಫ್ಟಣ್ಣನ ಹಳದಿ ಬೋರ್ಡು

ಆ ಆರು ಮಹಡಿಯ ಕಟ್ಟಡದಲ್ಲಿ ಲಿಫ್ಟು ಕೆಟ್ಟರೆ ಜನ ದೇವರಿಗಿಂತ ಮೊದಲು ಲಿಫ್ಟಣ್ಣನನ್ನು ನೆನೆಯುತ್ತಿದ್ದರು. ಹೆಗಲಲ್ಲಿ ಸಾಮಾನಿನ ಚೀಲ, ಕಂಕುಳಲ್ಲಿ ಹಳದಿ ಬೋರ್ಡು, ಸ್ಕೂಟರಿನಿಂದ ಇಳಿಯುವಾಗಲೇ ಒಂದು ನಗು. ‘ರಿಪೇರಿ ನಡೆಯುತ್ತಿದೆ, ದಯವಿಟ್ಟು ಮೆಟ್ಟಿಲು ಬಳಸಿ’ ಎಂಬ ಆ ಬೋರ್ಡನ್ನು ಕೆಳಗಿನ ಬಾಗಿಲ ಮುಂದೆ ನಿಲ್ಲಿಸಿದನೆಂದರೆ ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಅವನು ಮುಟ್ಟಿದ ಲಿಫ್ಟು ಮತ್ತೆ ಬೇಗ ಕೆಡುತ್ತಿರಲಿಲ್ಲ. ಅಷ್ಟು ಅಚ್ಚುಕಟ್ಟು.

ಅಂಥ ಮನುಷ್ಯ, ನೆಟ್ಟಗಿರುವ ಲಿಫ್ಟನ್ನು ಕೆಟ್ಟಿದೆಯೆಂದು ಸುಳ್ಳು ಹೇಳಿ ನಿಲ್ಲಿಸುತ್ತಿದ್ದ ಅಂದರೆ ನಂಬುತ್ತೀರಾ? ನಂಬಲೇಬೇಕು. ಮಧ್ಯಾಹ್ನ ಜನ ಕೆಲಸದಲ್ಲೋ ನಿದ್ದೆಯಲ್ಲೋ ಇರುವ ಹೊತ್ತು ನೋಡಿ ಬೋರ್ಡು ನಿಲ್ಲಿಸುವುದು, ಒಳಹೊಕ್ಕು ತನ್ನ ಕೀಲಿ ತಿರುಗಿಸುವುದು, ಲಿಫ್ಟನ್ನು ನಾಲ್ಕನೇ ಮಹಡಿಗೂ ಐದನೇ ಮಹಡಿಗೂ ನಡುವೆ ಗಕ್ಕನೆ ನಿಲ್ಲಿಸುವುದು. ಆಮೇಲೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಸಾಮಾನಿನ ಚೀಲ ಬಿಚ್ಚುವುದು. ಸ್ಪಾನರಿನ ಕೆಳಗೆ ಕ್ರೀಮ್ ಬನ್ನು, ಗ್ರೀಸ್ ಡಬ್ಬಿಯ ಪಕ್ಕ ಚಿಪ್ಸು, ಅದರಡಿ ಬಿಸ್ಕತ್ತು, ಎಲ್ಲಕ್ಕಿಂತ ಕೆಳಗೆ ಮೂಲೆಯ ಬೇಕರಿಯ ಕೇಕು. ರುಚಿ ನೋಡಿ ತಿನ್ನುತ್ತಿದ್ದನೇ? ರುಚಿಯೂ ಇಲ್ಲ, ಗಿಚಿಯೂ ಇಲ್ಲ. ಕೈ ತನ್ನ ಪಾಡಿಗೆ ತಾನು ಬಾಯಿಗೆ ಹೋಗುತ್ತಿತ್ತು, ಬಾಯಿ ತನ್ನ ಪಾಡಿಗೆ ತಾನು ಅಗಿಯುತ್ತಿತ್ತು. ಹೊಟ್ಟೆ ಬಿರಿದು ಉಸಿರು ಸಿಕ್ಕಿಕೊಂಡಾಗಲೇ ಎಚ್ಚರ. ಆಗ ಖಾಲಿ ಕವರುಗಳನ್ನು ಮುದುರಿ ಚೀಲದೊಳಗೆ ತುರುಕಿ, ಲಿಫ್ಟಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲಾಗದೆ ತಲೆ ತಗ್ಗಿಸುತ್ತಿದ್ದ. ‘ಥೂ ನಿನ್ನ! ನಾಳೆಯಿಂದ ಉಪವಾಸ’ ಎಂದು ತನಗೆ ತಾನೇ ಉಗಿದುಕೊಳ್ಳುತ್ತಿದ್ದ.

ಇದೆಲ್ಲ ಶುರುವಾದದ್ದು ಒಂದು ಬಜರಿನಿಂದ. ಭಾರ ಹೆಚ್ಚಾದರೆ ಲಿಫ್ಟು ಕೀಂಯ್ ಎಂದು ಕೂಗುತ್ತದಲ್ಲ, ಅದೇ. ಒಮ್ಮೆ ತುಂಬಿದ ಲಿಫ್ಟಿಗೆ ಕೊನೆಯವನಾಗಿ ಕಾಲಿಟ್ಟ. ಅದು ಕೂಗಿತು. ಕಾಲು ಹಿಂದೆ ತೆಗೆದ, ಸುಮ್ಮನಾಯಿತು. ಒಳಗಿದ್ದವರು ಗೊಳ್ಳೆಂದು ನಕ್ಕರು. ‘ನೋಡಿ ಲಿಫ್ಟಣ್ಣ, ನೀವು ಸಾಕಿದ ಲಿಫ್ಟೇ ನಿಮ್ಮನ್ನ ಬೇಡ ಅಂತಿದೆ’ ಎಂದು ಯಾರೋ ಹೇಳಿದರು. ಲಿಫ್ಟಣ್ಣನೂ ನಕ್ಕ. ನಗದೆ ಏನು ಮಾಡುತ್ತಾನೆ? ಮರುದಿನದಿಂದ ಬೆಳಗಿನ ತಿಂಡಿ ಬಿಟ್ಟ, ಮಧ್ಯಾಹ್ನದ ಊಟವನ್ನೂ ಬಿಟ್ಟ. ಅದಕ್ಕಿಂತ ಹೆಚ್ಚಾಗಿ, ಜನರ ಮುಂದೆ ಬಾಯಿ ಆಡಿಸುವುದನ್ನೇ ಬಿಟ್ಟ. ಮನೆಯಲ್ಲಿ ಕೋಳಿ ಕೆದಕಿದ ಹಾಗೆ ತಟ್ಟೆ ಕೆದಕಿ ಎದ್ದುಬಿಡುತ್ತಿದ್ದ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ, ‘ಇಷ್ಟು ತಿಂದ್ರೆ ಹೇಗ್ರೀ?’ ಎಂದರೆ ‘ಸಾಕು ಕಣೇ’ ಎನ್ನುತ್ತಿದ್ದ. ಬೆಳಗಿನಿಂದ ಹೊಟ್ಟೆ ತಾಳ ಹಾಕುತ್ತಿದ್ದರೆ ಮಧ್ಯಾಹ್ನ ಬುದ್ಧಿ ನೆಟ್ಟಗಿರುತ್ತದೆಯೇ? ಕೈ ನಡುಗಲು ಶುರುವಾದರೆ ಬೇಕರಿ, ಬೇಕರಿ ಆದಮೇಲೆ ಹಳದಿ ಬೋರ್ಡು.

ಆರನೇ ಮಹಡಿಯಲ್ಲಿ ಟೀಚರಮ್ಮ ಒಬ್ಬರೇ ಇದ್ದರು. ಶಾಲೆಯಿಂದ ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಗದರುವುದರಿಂದ ನಿವೃತ್ತಿಯಾಗಿರಲಿಲ್ಲ. ಮೆಟ್ಟಿಲ ಮೇಲೆ ಕಸ ಚೆಲ್ಲಿದವರಿಗೆ, ಬಾಗಿಲು ಧಡಾರನೆ ಹಾಕಿದವರಿಗೆ, ಕಟ್ಟಡದಲ್ಲಿ ಯಾರಿಗೂ ಅವರಿಂದ ರಿಯಾಯಿತಿಯಿಲ್ಲ. ಲಿಫ್ಟಣ್ಣನೆಂದರೆ ಮಾತ್ರ ಮಮತೆ.

ಒಂದು ಮಧ್ಯಾಹ್ನ ಬಾಯಿ ತುಂಬ ಬನ್ನು ತುಂಬಿಕೊಂಡು ಕೂತಿದ್ದಾಗ ಮೆಟ್ಟಿಲ ಕಡೆಯಿಂದ ಊರುಗೋಲಿನ ಸದ್ದು ಕೇಳಿತು. ಎರಡು ಮೆಟ್ಟಿಲು ಹತ್ತುವುದು, ನಿಲ್ಲುವುದು, ಏದುಸಿರು ಬಿಡುವುದು. ತರಕಾರಿ ಚೀಲ ನೆಲಕ್ಕೆ ಇಟ್ಟ ಸದ್ದೂ ಕೇಳಿತು. ಲಿಫ್ಟಣ್ಣ ಅಗಿಯುವುದನ್ನು ನಿಲ್ಲಿಸಿದ.

“ಲಿಫ್ಟಣ್ಣಾ, ಒಳಗಿದ್ದೀಯೇನಪ್ಪಾ?” ಟೀಚರಮ್ಮ ನಾಲ್ಕನೇ ಮಹಡಿಯ ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದರು. “ಬೋರ್ಡ್ ಇದೆ, ಸುತ್ತಿಗೆ ಸದ್ದೇ ಇಲ್ಲ. ಸಿಕ್ಕಿಹಾಕ್ಕೊಂಡ್ಯಾ?”

ಉತ್ತರ ಕೊಡಲು ಬಾಯಿ ಎಲ್ಲಿದೆ? ಗಂಟಲಲ್ಲಿ ಬನ್ನು.

“ಅಯ್ಯೋ, ಮಾತೂ ಆಡ್ತಿಲ್ವಲ್ಲ! ಹೆದರ್ಕೋಬೇಡ ಕಣಪ್ಪಾ. ಮೇಲೆ ಹೋಗಿ ಫೋನ್ ಮಾಡಿ ಯಾರನ್ನಾದ್ರೂ ಕರೆಸ್ತೀನಿ.”

ಊರುಗೋಲು ಅವಸರವಸರವಾಗಿ ಮೆಟ್ಟಿಲು ಹತ್ತಿತು. ಹತ್ತಿತು, ಜಾರಿತು. ಟೀಚರಮ್ಮ ಬಿದ್ದ ಸದ್ದಿಗೆ ಲಿಫ್ಟಣ್ಣ ಬಾಯಲ್ಲಿದ್ದುದನ್ನು ಉಗಿದು ಎದ್ದ. ಕೀಲಿ ತಿರುಗಿಸಿ, ಲಿಫ್ಟನ್ನು ಐದನೇ ಮಹಡಿಗೆ ತಂದು ಓಡಿದ. ಮೆಟ್ಟಿಲ ತುಂಬ ಟೊಮೆಟೊ ಉರುಳಾಡುತ್ತಿದ್ದವು. ಅವರ ಪಾದ ಆಗಲೇ ಊದುತ್ತಿತ್ತು. ಅವನನ್ನು ನೋಡಿದವರೇ ಆಕೆ ಕೇಳಿದ್ದೇನು ಗೊತ್ತೇ? “ನಿಂಗೇನೂ ಆಗಿಲ್ಲ ತಾನೇ?”

ಅವರನ್ನು ಎತ್ತಿಕೊಂಡು ಇಳಿದ, ಆಟೊ ಹಿಡಿದ, ಆಸ್ಪತ್ರೆಗೆ ಸೇರಿಸಿದ. ಮೂಳೆ ಮುರಿದಿರಲಿಲ್ಲ, ಪುಣ್ಯ, ಉಳುಕಿತ್ತು ಅಷ್ಟೆ. ಹಿಂದಿನಿಂದ ಬಂದ ಕಟ್ಟಡದವರು ಅವನ ಬೆನ್ನು ತಟ್ಟಿದ್ದೇ ತಟ್ಟಿದ್ದು. ‘ನೀವಿರಲಿಲ್ಲ ಅಂದಿದ್ರೆ ಏನ್ ಗತಿ ಲಿಫ್ಟಣ್ಣ!’ ಅಂಗಿಯ ಮೇಲೆ ಇನ್ನೂ ಬನ್ನಿನ ಪುಡಿ ಇತ್ತು. ಆ ಹೊಗಳಿಕೆ ಕೇಳುತ್ತ ನಿಂತವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಸಂಜೆ ಮನೆಗೆ ಹೋದವನೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹೆಂಡತಿಗೆ ಎಲ್ಲವನ್ನೂ ಹೇಳಿಬಿಟ್ಟ. ಬಜರು, ಉಪವಾಸ, ಬೇಕರಿ, ಬೋರ್ಡು, ಒಂದನ್ನೂ ಬಿಡಲಿಲ್ಲ. ಅವಳು ತರಕಾರಿ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟಳು.

“ನಾನೊಬ್ಬಳು ಪೆದ್ದಿ, ಊಟ ಸೇರ್ತಿಲ್ವೇನೋ ಅಂತ ನನ್ನ ಅಡುಗೇನೇ ಬೈಕೊಂಡಿದ್ದೀನಿ,” ಎಂದಳು. ಕಣ್ಣೀರು ಬಂತು, ಸಿಟ್ಟೂ ಬಂತು. ಮೂಗೊರೆಸಿಕೊಂಡು ಕೇಳಿದಳು. “ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರು ಏನ್ ಮಾಡ್ಬೇಕು ಅಂತ ಎಲ್ರಿಗೂ ಪಾಠ ಹೇಳ್ತೀರಲ್ಲ, ಏನದು?”

“ತಾವೇ ಹೊರಗೆ ಬರೋಕೆ ಹೋಗಬಾರದು. ಬೆಲ್ ಒತ್ತಿ ಕಾಯಬೇಕು.”

“ಒತ್ತಿದ್ರಾ?”

ಲಿಫ್ಟಣ್ಣ ಇಲ್ಲವೆಂದು ತಲೆಯಾಡಿಸಿದ.

“ಇವತ್ತು ಒತ್ತಿದ್ದೀರಿ ಬಿಡಿ,” ಎಂದು ತಲೆ ಸವರಿದಳು. “ನಾಳೆ ಡಾಕ್ಟ್ರ ಹತ್ರ ಹೋಗೋಣ.”

ಡಾಕ್ಟರಮ್ಮ ಬೈಯುತ್ತಾರೆ, ಎರಡು ಸೌತೆಕಾಯಿ ಬರೆದುಕೊಟ್ಟು ಕಳಿಸುತ್ತಾರೆ ಎಂದುಕೊಂಡು ಹೋಗಿದ್ದ. ಆಕೆ ಪೂರ್ತಿ ಕೇಳಿಸಿಕೊಂಡು, “ಇದೊಂದು ಕಾಯಿಲೆ, ಎಷ್ಟೋ ಜನಕ್ಕೆ ಇರುತ್ತೆ, ವಾಸಿಯಾಗುತ್ತೆ. ಮೊದಲು ಬೆಳಿಗ್ಗೆ ತಿಂಡಿ ತಿನ್ನಿ,” ಎಂದರು. ಲಿಫ್ಟಣ್ಣ ತಬ್ಬಿಬ್ಬಾದ. ತಿನ್ನುವುದನ್ನು ನಿಲ್ಲಿಸಲು ಬಂದವನಿಗೆ ತಿನ್ನಿ ಅನ್ನುತ್ತಾರಲ್ಲ! “ಹೊತ್ತು ಹೊತ್ತಿಗೆ ಊಟ ಮಾಡಿ, ಯಾವುದನ್ನೂ ಬಿಡಬೇಡಿ. ಯಾರ ಜೊತೆಯಾದ್ರೂ ಕೂತು ತಿನ್ನಿ. ತೂಕದ ಮಾತು ಸದ್ಯಕ್ಕೆ ಬೇಡ. ಒಂದಿನ ತಪ್ಪಿದ್ರೆ ಮಾರನೇ ದಿನ ಉಪವಾಸದ ಶಿಕ್ಷೆ ಮಾತ್ರ ಕೊಟ್ಕೋಬೇಡಿ. ವಾರ ವಾರ ಬಂದು ಮಾತಾಡಿ.”

ತನ್ನ ಲಿಫ್ಟು ಕಂಪನಿಯ ಆಫೀಸಿನಲ್ಲೂ ಹೇಳಿದ. ಸಾಹೇಬರು ಚೆನ್ನಾಗಿ ಬೆವರಿಳಿಸಿ, ಕೆಲಸ ಉಳಿಸಿದರು. ಇನ್ನು ಉಳಿದದ್ದು ಟೀಚರಮ್ಮ. ಕಾಲಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ ಅವರ ಮುಂದೆ ತಪ್ಪು ಮಾಡಿದ ಹುಡುಗನಂತೆ ನಿಂತು ಒಪ್ಪಿಕೊಂಡ.

“ನಂಗೆ ಸಿಟ್ಟು ಬಂದಿದೆ,” ಎಂದರು ಟೀಚರಮ್ಮ. “ಕಾಲಿಗಲ್ಲ. ಹಸಿದವನು ಕತ್ತಲೆ ಡಬ್ಬದಲ್ಲಿ ಕೂತು ತಿನ್ನೋ ಹಾಗೆ ನಾವೆಲ್ಲ ನಕ್ಕಿದ್ದೀವಲ್ಲ, ಅದಕ್ಕೆ. ಆವತ್ತು ಲಿಫ್ಟಲ್ಲಿ ನಾನೂ ಇದ್ದೆ, ನಾನೂ ನಕ್ಕಿದ್ದೆ.” ಆಮೇಲೆ ಕೈ ಚಾಚಿದರು. “ಆ ಬೋರ್ಡು ಇಲ್ಲಿ ಕೊಡು.”

“ಟೀಚರಮ್ಮಾ, ಅದು ಕೆಲಸಕ್ಕೆ ಬೇಕು.”

“ಬೇಕಾದಾಗ ಬಂದು ಕೇಳು. ಏನು ಕೆಟ್ಟಿದೆ ಅಂತ ಹೇಳು, ಕೊಡ್ತೀನಿ. ಕೆಲಸ ಆದ್ಮೇಲೆ ತಂದು ಒಪ್ಪಿಸು.”

ಹೀಗೆ ಆ ಕಟ್ಟಡದಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ರಿಪೇರಿಗೆ ಬಂದ ಲಿಫ್ಟಣ್ಣ ಮೊದಲು ಆರನೇ ಮಹಡಿಗೆ ಹೋಗಿ, ‘ಬ್ರೇಕ್ ಪ್ಯಾಡ್ ಸವೆದಿದೆ ಟೀಚರಮ್ಮಾ’ ಎಂದು ಪಾಠ ಒಪ್ಪಿಸಿ, ಬಾಗಿಲ ಹಿಂದೆ ಒರಗಿಸಿಟ್ಟ ಬೋರ್ಡು ಪಡೆಯಬೇಕು.

ಮಧ್ಯಾಹ್ನದ ಊಟಕ್ಕೆ ಜೊತೆ ಸಿಕ್ಕವನು ಉದ್ದಣ್ಣ. ಲಿಫ್ಟಣ್ಣನ ಜೊತೆಗಾರ ಮೆಕ್ಯಾನಿಕ್ಕು, ಬಾಗದೆ ಯಾವ ಬಾಗಿಲನ್ನೂ ದಾಟಲಾರದ ಆಳು. ತಾರಸಿಯ ಮೋಟಾರು ಕೋಣೆಯ ನೆರಳಲ್ಲಿ ಇಬ್ಬರೂ ಡಬ್ಬಿ ಬಿಚ್ಚಿದ ಮೊದಲ ದಿನ ಲಿಫ್ಟಣ್ಣನ ಬೆನ್ನು ಬೆವೆತುಹೋಯಿತು. ತುತ್ತು ಎತ್ತಿದರೆ ಊರೇ ತನ್ನ ಬಾಯಿ ನೋಡುತ್ತಿದೆ ಅನ್ನಿಸುತ್ತಿತ್ತು. ಉದ್ದಣ್ಣನಿಗೆ ಇದ್ಯಾವುದರ ಪರಿವೆ? ಅವನು ತನ್ನ ಮಾವನ ಮನೆಯ ಜಗಳ ವರ್ಣಿಸುತ್ತ, ಮಧ್ಯೆ ಮಧ್ಯೆ ಇವನ ಡಬ್ಬಿಯ ಬೀನ್ಸಿಗೆ ಕೈ ಹಾಕುತ್ತಿದ್ದ. ಒಂದು ದಿನ ಆ ಜಗಳ ಕೇಳುತ್ತ ಕೇಳುತ್ತ ಡಬ್ಬಿ ಖಾಲಿಯಾದದ್ದೇ ಲಿಫ್ಟಣ್ಣನಿಗೆ ತಿಳಿಯಲಿಲ್ಲ. ಹೊಟ್ಟೆ ತುಂಬಿತ್ತು. ನಾಚಿಕೆ ಬಂದಿರಲಿಲ್ಲ.

ಎಲ್ಲ ದಿನವೂ ಹಾಗೇ ಸಲೀಸು ಅಂದುಕೊಳ್ಳಬೇಡಿ. ಬೇಕರಿ ಕರೆದ ದಿನ ಹೆಂಡತಿಗೆ ಫೋನು ಮಾಡಿ ‘ಬೆಲ್ಲು’ ಎನ್ನುತ್ತಿದ್ದ. ಅವಳು ಅಂಗಡಿಯ ಗಿರಾಕಿಗಳ ಕಥೆ ಹೇಳುತ್ತ ಆ ಹೊತ್ತು ದಾಟಿಸುತ್ತಿದ್ದಳು. ಒಮ್ಮೆ ಫೋನೂ ಮಾಡಲಿಲ್ಲ. ಬೇಕರಿಯ ಹಿಂದಿನ ಗಲ್ಲಿಯಲ್ಲಿ ಸ್ಕೂಟರಿನ ಮೇಲೆ ಕೂತೇ ಒಂದು ಚೀಲ ಖಾಲಿ ಮಾಡಿದ. ಆ ಸಂಜೆ, ಎಲ್ಲ ಮುಗಿಯಿತು, ತಾನು ಇಷ್ಟೇ ಎಂದು ಅತ್ತ. ಮರುದಿನ ಬೆಳಿಗ್ಗೆ ಹೆಂಡತಿ ಎಂದಿನಂತೆ ಬ್ರೆಡ್ಡು, ಮೊಟ್ಟೆ, ಹಣ್ಣು ತಂದಿಟ್ಟಳು. ಲಿಫ್ಟಣ್ಣ ತಟ್ಟೆಯನ್ನೇ ನೋಡುತ್ತ ಕೂತ. ಹಳೆಯ ಲಿಫ್ಟಣ್ಣನಾಗಿದ್ದರೆ ಅದನ್ನು ಆಚೆ ತಳ್ಳಿ ಮತ್ತದೇ ಉಪವಾಸಕ್ಕೆ ಬೀಳುತ್ತಿದ್ದ. ಇವನು ತಿಂದ. ನನ್ನನ್ನು ಕೇಳಿದರೆ, ಅವನು ಗೆದ್ದದ್ದು ಆ ಬೆಳಿಗ್ಗೆಯೇ.

ಅವನಿಗೆ ಮಾತ್ರ ಆ ನಂಬಿಕೆ ಇರಲಿಲ್ಲ. ನಾಲ್ಕೂ ಐದೂ ಮಹಡಿಗಳ ನಡುವೆ ಹಾದುಹೋಗುವಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಇಲ್ಲಿ ಮತ್ತೆ ನಿಂತರೆ, ಕೈಯಲ್ಲಿ ತಿನಿಸು ಇದ್ದರೆ, ತಾನು ಹಳೆಯವನೇ ಆಗಿಬಿಡುತ್ತೇನೆ ಎಂಬ ಭಯ ಒಳಗೊಳಗೇ ಕೊರೆಯುತ್ತಿತ್ತು.

ಟೀಚರಮ್ಮನ ಹುಟ್ಟುಹಬ್ಬ ಬಂತು. ಹಳೆಯ ವಿದ್ಯಾರ್ಥಿಗಳು ಸಂಜೆ ಬರುವವರಿದ್ದರು. ಬೇಕರಿಯಿಂದ ದೊಡ್ಡ ಕೇಕಿನ ಪೆಟ್ಟಿಗೆ ಹೊರಿಸಿಕೊಂಡು ಬಂದ ಟೀಚರಮ್ಮ ಕೆಳಗೆ ಲಿಫ್ಟಣ್ಣನನ್ನು ಕಂಡು ಅದನ್ನು ಅವನ ಕೈಗೆ ಹಾಕಿದರು. ಇಬ್ಬರೂ ಲಿಫ್ಟು ಹತ್ತಿದರು. ಒಂದು, ಎರಡು, ಮೂರು, ನಾಲ್ಕು ದಾಟಿತು. ಗಕ್! ನಿಂತಿತು.

ಕೀಲಿ ತಿರುಗಿಸಿದ, ಗುಂಡಿ ಒತ್ತಿದ. ಊಹೂಂ. ಬಾಗಿಲ ಸ್ವಿಚ್ಚು ಕೈಕೊಟ್ಟಿತ್ತು, ಹೊರಗಿನಿಂದಲೇ ಬಿಡಿಸಬೇಕು. ಫೋನು ಮಾಡಿದರೆ ಉದ್ದಣ್ಣ ಊರಿನ ಆ ತುದಿಯಲ್ಲಿ. “ಬರ್ತೀನಿ ಕಣೋ, ಎಲ್ಲಿಗೂ ಹೋಗ್ಬೇಡ,” ಎಂದು ತಾನೇ ನಕ್ಕ.

ಲಿಫ್ಟಣ್ಣ ನಗಲಿಲ್ಲ. ಅದೇ ಜಾಗ, ಅದೇ ನೆಲ, ಅದೇ ಬೇಕರಿಯ ಬೆಣ್ಣೆಯ ವಾಸನೆ. ಬಾಯಲ್ಲಿ ನೀರೂರಿತು.

“ಟೀಚರಮ್ಮಾ, ನಂಗೆ ಭಯ ಆಗ್ತಿದೆ,” ಎಂದ. “ಲಿಫ್ಟು ನಿಂತಿದ್ದಕ್ಕಲ್ಲ. ಈ ಪೆಟ್ಟಿಗೆ ನೋಡಿ.”

ಟೀಚರಮ್ಮ ಊರುಗೋಲು ಊರಿಕೊಂಡು ಮೆಲ್ಲಗೆ ನೆಲದ ಮೇಲೆ ಕೂತರು. “ಬಾ, ಕೂತ್ಕೋ. ನಂಗೂ ಹಸಿವಾಗಿದೆ. ತೆಗಿ ಅದನ್ನ.”

“ನಿಮ್ಮ ಹುಟ್ಟುಹಬ್ಬದ್ದು!”

“ಹುಟ್ಟಿದ್ದು ನಾನು ತಾನೇ? ತೆಗಿ ಅಂದ್ರೆ ತೆಗಿ.”

ಪೆಟ್ಟಿಗೆಯಲ್ಲಿದ್ದ ಪ್ಲಾಸ್ಟಿಕ್ ಚಾಕುವಿನಿಂದ ಎರಡು ತುಂಡು ಕತ್ತರಿಸಿದ. ಒಂದನ್ನು ಟೀಚರಮ್ಮನಿಗೆ ಕೊಟ್ಟ. ಇನ್ನೊಂದನ್ನು ಕೈಯಲ್ಲಿ ಹಿಡಿದು, ಎದುರಿಗಿನ ಕನ್ನಡಿಯಲ್ಲಿ ತನ್ನ ಮುಖವನ್ನು ನೋಡುತ್ತಲೇ ಒಂದು ಚೂರು ಬಾಯಿಗಿಟ್ಟ. ಮೆಲ್ಲಗೆ ಅಗಿದ. ನಿಲ್ಲಿಸಿದ. ಮತ್ತೆ ಅಗಿದ.

“ಟೀಚರಮ್ಮಾ, ಇದ್ರಲ್ಲಿ ಕಿತ್ತಳೆ ಸಿಪ್ಪೆ ಇದೆ!”

“ಇರುತ್ತೆ. ಆ ಬೇಕರಿಯವನು ಯಾವಾಗ್ಲೂ ಹಾಕ್ತಾನೆ.”

“ಯಾವಾಗ್ಲೂ?” ಲಿಫ್ಟಣ್ಣನ ಕಣ್ಣು ತುಂಬಿ ಬಂತು. ಇದೇ ಕೇಕನ್ನು ಇದೇ ಜಾಗದಲ್ಲಿ ಎಷ್ಟು ತಿಂದಿದ್ದನೋ, ಒಂದು ಸಲವೂ ಆ ಕಿತ್ತಳೆ ಅವನ ನಾಲಿಗೆಗೆ ಸಿಕ್ಕಿರಲಿಲ್ಲ. ತುಂಡು ಮುಗಿಯಿತು. ಒಂದು ಗಳಿಗೆ ಕಾದು ನೋಡಿದ. ಹೊಟ್ಟೆ ‘ಇನ್ನೂ’ ಅನ್ನಲಿಲ್ಲ. ಪೆಟ್ಟಿಗೆಯ ಮುಚ್ಚಳ ಮುಚ್ಚಿ, ದಾರ ಕಟ್ಟಿ, ಪಕ್ಕಕ್ಕಿಟ್ಟ. ಟೀಚರಮ್ಮ ಅವನ ಮೊಣಕಾಲಿನ ಮೇಲೆ ಒಂದೇಟು ತಟ್ಟಿದರು.

ಬಹಳ ಹೊತ್ತಿನ ಮೇಲೆ ಕೆಳಗಿನಿಂದ ಉದ್ದಣ್ಣನ ದನಿ ಕೇಳಿತು. “ಲೋ! ಜನ ಗುಂಡಿ ಒತ್ತಿ ಒತ್ತಿ ಸಾಯ್ತಿದ್ದಾರೆ! ಬೋರ್ಡ್ ಎಲ್ಲೋ?”

“ಟೀಚರಮ್ಮನ ಮನೇಲಿ!”

“ಬೀಗದ ಕೈ?”

“ನನ್ನ ಸೊಂಟದಲ್ಲಿದೆ ಕಣಪ್ಪಾ!” ಟೀಚರಮ್ಮ ಒಳಗಿನಿಂದ ಕೂಗಿದರು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಲಿಫ್ಟು ನಿಜವಾಗಿ ಕೆಟ್ಟ ದಿನವೇ ಬೋರ್ಡಿಗೆ ಗತಿಯಿರಲಿಲ್ಲ.

ಉದ್ದಣ್ಣ ಮೇಲೆ ಹೋಗಿ ಲಿಫ್ಟನ್ನು ಐದನೇ ಮಹಡಿಗೆ ಎತ್ತಿ ಬಾಗಿಲು ತೆರೆದಾಗ ಅರ್ಧ ಕಟ್ಟಡವೇ ಅಲ್ಲಿ ನೆರೆದಿತ್ತು. ಹಳೆಯ ವಿದ್ಯಾರ್ಥಿಗಳೂ ಬಂದಿದ್ದರು. ನೆಲದ ಮೇಲೆ ಕಾಲು ಚಾಚಿ ಕೂತ ಟೀಚರಮ್ಮ, ಪಕ್ಕದಲ್ಲಿ ಲಿಫ್ಟಣ್ಣ, ಅವನ ಮೀಸೆಯ ಮೇಲೆ ಒಂದು ಚೂರು ಕ್ರೀಮು. ಎಲ್ಲರೂ ನೋಡುತ್ತಿದ್ದರು. ಅವನು ಒರೆಸಿಕೊಳ್ಳುವ ಗಡಿಬಿಡಿ ಮಾಡಲಿಲ್ಲ.

“ಬನ್ರೀ, ಕೇಕ್ ತಿನ್ನೋಣ,” ಎಂದು ಪೆಟ್ಟಿಗೆಯನ್ನು ಎತ್ತಿ ಹಿಡಿದ. “ಕಿತ್ತಳೆ ಸಿಪ್ಪೆ ಹಾಕಿದ್ದಾನೆ, ಬಹಳ ಚೆನ್ನಾಗಿದೆ. ಲೋ ಉದ್ದಣ್ಣಾ, ನೀನು ಮೊದಲು ತಗೋ.”